ಗೆದ್ದೆತ್ತಿನ ಬಾಲ ಹಿಡೀದೆ ಎನ್‌ಬಿಎ ಕೋಚ್‌ನ ಅಳೆಯೋದು ಹೇಗೆ

ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎ ನೋಡೋರ ಮಧ್ಯೆ ಆಟಗಾರರ ಬಗ್ಗೆ ಜಗಳ ಆದ್ರೆ ಹೆಂಗೋ ಒಂದು ದಡ ಸೇರತ್ತೆ, ಪಾಯಿಂಟ್ಸು ರೀಬೌಂಡು ಅಸಿಸ್ಟು ಅಂತ ಕೈಗೆ ಸಿಗೋ ಲೆಕ್ಕ ಏನೋ ಒಂದಿರತ್ತೆ. ಕೋಚ್ ವಿಷಯಕ್ಕೆ ಬಂದ್ರೆ ಮಾತ್ರ ಬರೀ ಗದ್ದಲ. ಒಬ್ಬ "ಎಷ್ಟು ರಿಂಗ್ ಇದೆ ಹೇಳು ಗುರು" ಅಂತ ಚಾಂಪಿಯನ್‌ಶಿಪ್ ಎಣಿಸ್ತಾನೆ, ಇನ್ನೊಬ್ಬ "ಆ ಟೀಮ್ ಕೊಟ್ರೆ ನಮ್ಮಜ್ಜಿನೂ ಗೆಲ್ಲಿಸ್ತಾರೆ" ಅಂತಾನೆ, ಅಲ್ಲಿಗೆ ಮಾತು ಮುಗೀತು. ಇಬ್ರ ಮಾತಲ್ಲೂ ಅರ್ಧ ಸತ್ಯ ಇರೋದೇ ತೊಂದರೆ.

ನನ್ನ ಪ್ರಕಾರ ಮಾಡಬೇಕಾಗಿರೋದು ಒಂದೇ ಕೆಲಸ, ಟೀಮ್ ಗೆದ್ದಿದ್ದರಲ್ಲಿ ಸೋತಿದ್ದರಲ್ಲಿ ಕೋಚ್‌ನ ಕೈಲಿ ಏನಿತ್ತು ಏನಿರ್ಲಿಲ್ಲ ಅಂತ ಬೇರೆ ಬೇರೆ ಮಾಡಿ, ಅವನ ಕೈಲಿ ಇದ್ದಿದ್ದನ್ನ ಮಾತ್ರ ಅವನ ಲೆಕ್ಕಕ್ಕೆ ಬರಿಯೋದು. ಹೇಳೋಕೆ ಸುಲಭ, ಮಾಡೋಕೆ ಕೂತ್ರೆ ತಲೆ ಬಿಸಿ ಆಗತ್ತೆ. ಹೆಂಗೆ ಮಾಡ್ಬೋದು ಅಂತ ನೋಡೋಣ.

ಮೊದಲು ಪ್ರಶಸ್ತಿ ಪಕ್ಕಕ್ಕಿಡಿ

ಕೋಚ್ ಆಫ್ ದಿ ಇಯರ್ ಅನ್ನೋ ಪ್ರಶಸ್ತಿನ ಯಾರಾದ್ರೂ ವಾದಕ್ಕೆ ತಂದ್ರೆ ಒಂದ್ಸಲ ಪಟ್ಟಿ ನೋಡಿ ಅನ್ನಿ ಸಾಕು. ಫಿಲ್ ಜಾಕ್ಸನ್ 11 ಚಾಂಪಿಯನ್‌ಶಿಪ್ ಗೆದ್ದವನು, ಈ ಪ್ರಶಸ್ತಿ ಸಿಕ್ಕಿದ್ದು ಒಂದೇ ಸಲ, ಅದೂ 1996ರಲ್ಲಿ ಬುಲ್ಸ್ 72-10 (72 ಗೆಲುವು, 10 ಸೋಲು) ಮಾಡಿದಾಗ, ಆಗ್ಲೂ ಕೊಡದೆ ಇದ್ದಿದ್ರೆ ಜನ ನಗ್ತಿದ್ರು. ಜೆರ್ರಿ ಸ್ಲೋನ್ 1,221 ಪಂದ್ಯ ಗೆಲ್ಲಿಸಿದ, ಒಂದ್ಸಲಾನೂ ಬರ್ಲಿಲ್ಲ. ಎರಿಕ್ ಸ್ಪೋಲ್‌ಸ್ಟ್ರಾ ಮಯಾಮಿ ಹೀಟ್‌ನ 2011ರಿಂದ 2023ರ ಒಳಗೆ ಆರು ಸಲ ಫೈನಲ್ಸ್‌ಗೆ ಕರ್ಕೊಂಡು ಹೋದ, ಅವನಿಗೂ ಇಷ್ಟೆಲ್ಲ ಮಾಡಿ ಸಿಗಲಿಲ್ಲ. ಇನ್ನು ಡ್ವೇನ್ ಕೇಸಿ ಕಥೆ ಕೇಳಿದ್ರೆ ನಗಬೇಕೋ ಅಳಬೇಕೋ ಗೊತ್ತಾಗಲ್ಲ, 2018ರಲ್ಲಿ ಟೊರಾಂಟೊ ರಾಪ್ಟರ್ಸ್‌ಗೆ 59 ಗೆಲುವು ತಂದುಕೊಟ್ಟ, ಪ್ಲೇಆಫ್‌ನಲ್ಲಿ (ಸೀಸನ್ ಮುಗಿದ್ಮೇಲಿನ ನಾಕೌಟ್ ಸರಣಿ) ಕ್ಲೀವ್‌ಲ್ಯಾಂಡ್ 4-0 ಹೊಡೀತು, ಮೇ ತಿಂಗಳಲ್ಲಿ ಕೆಲಸದಿಂದ ತೆಗೆದ್ರು, ಜೂನ್‌ನಲ್ಲಿ ಕರೆದು ವರ್ಷದ ಕೋಚ್ ಅಂತ ಟ್ರೋಫಿ ಕೊಟ್ರು. 2013ರಲ್ಲಿ ಜಾರ್ಜ್ ಕಾರ್ಲ್‌ಗೂ ಹೆಚ್ಚುಕಮ್ಮಿ ಇದೇ ಗತಿ.

ಯಾಕೆ ಹಿಂಗಾಗತ್ತೆ ಅಂದ್ರೆ ಓಟ್ ಹಾಕೋರು ಬಹುಮಾನ ಕೊಡೋದು ಅಚ್ಚರಿಗೆ. ಸೀಸನ್ ಶುರುವಾಗೋ ಮುಂಚೆ 35 ಗೆಲ್ಲತ್ತೆ ಅಂದ್ಕೊಂಡಿದ್ದ ಟೀಮ್ 50 ಗೆದ್ರೆ ಕೋಚ್ ಜಾಣ, 60 ಗೆಲ್ಲತ್ತೆ ಅಂದ್ಕೊಂಡಿದ್ದು 60 ಗೆದ್ರೆ ಅದರಲ್ಲೇನಿದೆ ಅಂತ. ಅಂದ್ರೆ ಆ ಪ್ರಶಸ್ತಿ ಬಹಳಷ್ಟು ಸಲ ಅಳೆಯೋದು ನಮ್ಮ ಊಹೆ ಎಷ್ಟು ದಾರಿ ತಪ್ಪಿತ್ತು ಅನ್ನೋದನ್ನ.

ಗೆಲುವಿನ ಲೆಕ್ಕಾನೂ ಹಂಗೇ, ಕಣ್ಣು ಮುಚ್ಚಿ ನಂಬಬೇಡಿ. 2015-16ರಲ್ಲಿ ಗೋಲ್ಡನ್ ಸ್ಟೇಟ್ ಕೋಚ್ ಸ್ಟೀವ್ ಕರ್ ಬೆನ್ನಿನ ತೊಂದರೆಯಿಂದ ಹೊರಗಿದ್ದಾಗ ಅಸಿಸ್ಟೆಂಟ್ ಲ್ಯೂಕ್ ವಾಲ್ಟನ್ ಟೀಮ್ ನಡೆಸಿ 39-4 ಮಾಡಿದ. ದಾಖಲೆಯಲ್ಲಿ ಆ 39 ಗೆಲುವೂ ಕರ್ ಹೆಸರಲ್ಲೇ ಇದೆ, ಲೀಗ್ ನಿಯಮ ಹಂಗಿದೆ. ವಾಲ್ಟನ್ ಆಮೇಲೆ ಬೇರೆ ಟೀಮ್‌ಗಳಿಗೆ ಹೆಡ್ ಕೋಚ್ ಆಗಿ ಹೋಗಿ ಕಷ್ಟಪಟ್ಟ ಅನ್ನೋದೂ ನಿಜ, ಹಂಗಾಗಿ ಆ 39-4 ಯಾರದು ಅಂತ ಕೇಳಿದ್ರೆ ಬಹುಶಃ ಇಬ್ರದ್ದೂ ಅಲ್ಲ, ಟೀಮ್‌ನ ಸ್ಟಾರ್ ಆಟಗಾರ ಸ್ಟೆಫ್ ಕರಿದು ಅನ್ಬೇಕು.

ಹಂಗಂತ ರಿಂಗ್‌ಗೆ ಬೆಲೆನೇ ಇಲ್ಲ ಅಂತ ಹೊರಟ್ರೆ ಅದು ಇನ್ನೊಂದು ಅತಿ. ಫಿಲ್ ಜಾಕ್ಸನ್‌ಗೆ ಬುಲ್ಸ್‌ನಲ್ಲಿ ಜೋರ್ಡನ್ ಸಿಕ್ಕಿದ್ದ, ಲೇಕರ್ಸ್‌ನಲ್ಲಿ ಶಾಕ್ ಮತ್ತೆ ಕೋಬಿ ಸಿಕ್ಕಿದ್ರು, ಸರಿ. ಆದ್ರೆ ಅದೇ ಜೋರ್ಡನ್ ಜಾಕ್ಸನ್ ಬರೋ ಮುಂಚೆ ಒಂದು ಫೈನಲ್ಸೂ ಆಡಿರ್ಲಿಲ್ಲ, ಅದೇ ಶಾಕ್-ಕೋಬಿ ಜೋಡಿ 1999ರಲ್ಲಿ ಸ್ಪರ್ಸ್ ಕೈಲಿ 4-0 ಹೊಡೆಸ್ಕೊಂಡು ಮನೆಗೆ ಹೋಗಿತ್ತು, ಮುಂದಿನ ವರ್ಷ ಜಾಕ್ಸನ್ ಬಂದ, 67-15, ಚಾಂಪಿಯನ್. ನಮ್ಮಜ್ಜಿ ವಾದ ಇಲ್ಲಿ ನಿಲ್ಲಲ್ಲ, ಅವನಿಗಿಂತ ಮುಂಚೆ ಇದ್ದ ಕೋಚ್‌ಗಳು ಯಾರ ಅಜ್ಜಿನೂ ಆಗಿರ್ಲಿಲ್ಲ, ಗೆಲ್ಲಿಸೋಕಾಗ್ಲಿಲ್ಲ ಅಷ್ಟೆ.

ಹಿಂದೆ ಯಾರಿದ್ರು, ಮುಂದೆ ಯಾರು ಬಂದ್ರು

ನಂಗೆ ಅತಿ ಹೆಚ್ಚು ಉಪಯೋಗಕ್ಕೆ ಬರೋ ವಿಧಾನ ಇದು. ಒಂದೇ ರೋಸ್ಟರ್, ಅಂದ್ರೆ ಅದೇ ಆಟಗಾರರ ಗುಂಪು, ಇಬ್ರು ಕೋಚ್ ಕೈಲಿ ಇದ್ದ ಸಂದರ್ಭ ಹುಡುಕಿ, ಆಮೇಲೆ ವ್ಯತ್ಯಾಸದಲ್ಲಿ ಕೋಚ್‌ಗೆ ಸಂಬಂಧ ಇಲ್ಲದ್ದನ್ನೆಲ್ಲ ಒಂದೊಂದಾಗಿ ಕಳೀತಾ ಬನ್ನಿ. ಯಾರಿಗೆ ಗಾಯ ಆಗಿತ್ತು, ಯಾರು ಹೊಸಬರು ಬಂದ್ರು, ಹುಡುಗರಿಗೆ ಒಂದು ವರ್ಷ ವಯಸ್ಸಾಗಿ ತಾವೇ ಸುಧಾರಿಸಿದ್ರಾ. ಉಳಿದಿದ್ದು ಕೋಚ್‌ದು.

ಗೋಲ್ಡನ್ ಸ್ಟೇಟ್ ತಗೊಳ್ಳಿ. 2013-14ರಲ್ಲಿ ಮಾರ್ಕ್ ಜಾಕ್ಸನ್ ಕೆಳಗೆ 51 ಗೆಲುವು, ಅವನನ್ನ ತೆಗೆದು ಕರ್‌ನ ತಂದ್ರು, 67 ಗೆಲುವು, ಚಾಂಪಿಯನ್. ಕರಿ, ಥಾಂಪ್ಸನ್, ಗ್ರೀನ್, ಇಗ್ವಾಡಾಲ, ಬೋಗಟ್, ಎಲ್ಲಾ ಅವರೇ. ಹಾಗಾದ್ರೆ 16 ಗೆಲುವೂ ಕರ್‌ದಾ? ನಿಧಾನ. ಡಿಫೆನ್ಸ್ ಮಾರ್ಕ್ ಜಾಕ್ಸನ್ ಕಾಲದಲ್ಲೇ ಲೀಗ್‌ನ ಒಳ್ಳೊಳ್ಳೆ ಟೀಮ್‌ಗಳ ಸಾಲಲ್ಲಿತ್ತು, ಅದಕ್ಕೆ ಕ್ರೆಡಿಟ್ ಅವನಿಗೇ ಹೋಗ್ಬೇಕು. ಡ್ರೇಮಂಡ್ ಗ್ರೀನ್ ಸ್ಟಾರ್ಟಿಂಗ್ ಫೈವ್‌ಗೆ ಬಂದಿದ್ದು ಶುರುವಿನಲ್ಲಿ ಡೇವಿಡ್ ಲೀಗೆ ಗಾಯ ಆಗಿದ್ರಿಂದ, ಅದು ಅರ್ಧ ಅದೃಷ್ಟ, ಆದ್ರೆ ಲೀ ವಾಸಿಯಾಗಿ ಬಂದ್ಮೇಲೂ ಗ್ರೀನ್‌ನೇ ಇಟ್ಕೊಂಡಿದ್ದು ಕರ್ ತೀರ್ಮಾನ. ಇನ್ನು ಪೂರ್ತಿ ಕರ್‌ದು ಅಂತ ನಾನು ಬರಿಯೋದು ಪಾಸಿಂಗ್. ಹಿಂದಿನ ವರ್ಷ ಪಾಸ್ ಮಾಡೋದರಲ್ಲಿ ಲೀಗ್‌ಗೇ ಕಡೆ ಇದ್ದ ಟೀಮ್, ಒಬ್ಬ ಬಾಲ್ ಹಿಡ್ಕೊಂಡು ಒನ್ ಆನ್ ಒನ್ ಆಡೋದು ನಾಲ್ಕು ಜನ ನಿಂತು ನೋಡೋದು ಅನ್ನೋ ಥರ ಇದ್ದಿದ್ದು, ಕರ್ ಬಂದ್ಮೇಲೆ ಎಲ್ಲರ ಕೈಗೂ ಬಾಲ್ ಬರೋ ಥರ ಆಯ್ತು. ಅದು ಟಿವಿಯಲ್ಲಿ ಕಣ್ಣಿಗೆ ಕಾಣೋ ಬದಲಾವಣೆ.

ಇದಕ್ಕಿಂತ ತಲೆ ಕೆಡಿಸೋ ಉದಾಹರಣೆ ಡೆಟ್ರಾಯ್ಟ್-ಕ್ಲೀವ್‌ಲ್ಯಾಂಡ್‌ದು. ಮಾಂಟಿ ವಿಲಿಯಮ್ಸ್ 2022ರಲ್ಲಿ ಫೀನಿಕ್ಸ್‌ಗೆ 64 ಗೆಲುವು ತಂದು ವರ್ಷದ ಕೋಚ್ ಆದ. ಮುಂದೆ ಡೆಟ್ರಾಯ್ಟ್‌ಗೆ ಬಂದ, 2023-24ರಲ್ಲಿ ಟೀಮ್ 14-68, ಮಧ್ಯೆ ಸತತ 28 ಸೋಲು, ಒಂದೇ ವರ್ಷಕ್ಕೆ ಮನೆಗೆ. ಅದೇ ಬೇಸಿಗೆಯಲ್ಲಿ ಕ್ಲೀವ್‌ಲ್ಯಾಂಡ್‌ನವರು 48 ಗೆದ್ದಿದ್ದ ಜೆ.ಬಿ. ಬಿಕರ್‌ಸ್ಟಾಫ್‌ನ ಸಾಕು ನೀನು ಅಂತ ತೆಗೆದ್ರು, ಅವನು ಹೋಗಿ ಡೆಟ್ರಾಯ್ಟ್ ಸೇರ್ಕೊಂಡ, 44-38 ಮಾಡಿದ. ಆದ್ರೆ ಅವನು ಬಿಟ್ಟು ಬಂದ ಕ್ಲೀವ್‌ಲ್ಯಾಂಡ್ ಕೆನ್ನಿ ಆಟ್ಕಿನ್ಸನ್ ಕೈಲಿ 64-18! ಅಂದ್ರೆ ಬಿಕರ್‌ಸ್ಟಾಫ್ ಬಂದಿದ್ದ ಟೀಮೂ ಉದ್ಧಾರ ಆಯ್ತು, ಅವನು ಬಿಟ್ಟು ಹೋಗಿದ್ದ ಟೀಮೂ ಉದ್ಧಾರ ಆಯ್ತು. ಈಗ ಹೇಳಿ, ಅವನು ಒಳ್ಳೆ ಕೋಚಾ ಕೆಟ್ಟ ಕೋಚಾ?

ಇಲ್ಲಿ ಕಳೆಯೋ ಲೆಕ್ಕ ಮಾಡಿ ನೋಡಿ. 2023-24ರ ಕ್ಲೀವ್‌ಲ್ಯಾಂಡ್‌ನ ಮುಖ್ಯ ಆಟಗಾರರಲ್ಲಿ ಮಿಚೆಲ್ ಆಡಿದ್ದು 82ರಲ್ಲಿ 55 ಪಂದ್ಯ, ಗಾರ್ಲಂಡ್ 57, ಮೋಬ್ಲಿ 50. ಮುಂದಿನ ವರ್ಷ ಮೂವರೂ 70 ದಾಟಿದ್ರು. ಹಂಗಾಗಿ ಆ 16 ಗೆಲುವಿನ ಏರಿಕೆಯಲ್ಲಿ ಒಂದು ದೊಡ್ಡ ಪಾಲು ಆಟ್ಕಿನ್ಸನ್‌ದಲ್ಲ, ಫಿಸಿಯೋದು. ಉಳಿದಿದ್ದು ಆಫೆನ್ಸ್ ಬದಲಾವಣೆ, ವೇಗ ಹೆಚ್ಚಾಯ್ತು, ಮೋಬ್ಲಿ ಕೈಗೆ ಬಾಲ್ ಜಾಸ್ತಿ ಬಂತು, ಅದು ಆಟ್ಕಿನ್ಸನ್‌ದೇ. ಡೆಟ್ರಾಯ್ಟ್ ಕಡೆ ನೋಡಿದ್ರೆ ಬೀಸ್ಲಿ, ಹಾರ್ಡವೇ, ಟೊಬಾಯಸ್ ಹ್ಯಾರಿಸ್ ಅಂತ ಶೂಟ್ ಮಾಡೋಕೆ ಬರೋ ಅನುಭವಿಗಳನ್ನ ತಂದ್ರು, ಕೇಡ್ ಕನ್ನಿಂಗ್‌ಹ್ಯಾಮ್ ಸುತ್ತ ಉಸಿರಾಡೋಕೆ ಜಾಗ ಆಯ್ತು. ಇಷ್ಟೆಲ್ಲ ಕಳೆದ್ರೂ 30 ಗೆಲುವಿನ ಏರಿಕೆ ಅಂದ್ರೆ ಸ್ವಲ್ಪನಾದ್ರೂ ಬಿಕರ್‌ಸ್ಟಾಫ್‌ದು ಉಳ್ಕೊಳತ್ತೆ, ಹುಡುಗರ ಟೀಮ್‌ಗೆ ಡಿಫೆನ್ಸ್ ಕಲಿಸೋದರಲ್ಲಿ ಅವನು ಗಟ್ಟಿಗ ಅಂತ ಹೇಳೋಕೆ ನನಗೇನೂ ಹಿಂಜರಿಕೆ ಇಲ್ಲ. ದೊಡ್ಡ ಟೀಮ್‌ನ ಆಫೆನ್ಸ್ ಕೊನೇ ಮೆಟ್ಟಲು ಹತ್ತಿಸೋದು ಬೇರೆ ಕೆಲಸ, ಅದರಲ್ಲಿ ಇನ್ನೂ ಅನುಮಾನ. ಗಮನಿಸಿ, ಒಳ್ಳೆಯವನಾ ಕೆಟ್ಟವನಾ ಅನ್ನೋ ಪ್ರಶ್ನೆ ಯಾವ ಕೆಲಸಕ್ಕೆ ಒಳ್ಳೆಯವನು ಅನ್ನೋದಕ್ಕೆ ತಿರುಗ್ತು, ವಾದ ಅಲ್ಲಿಗೆ ಬಂದ್ರೆ ಅರ್ಧ ಗೆದ್ದ ಹಾಗೆ.

ಕೆಲವು ಕೋಚ್‌ಗಳಿಗೆ ಈ ಹೋಲಿಕೆನೂ ಸಿಗಲ್ಲ. ಒಕ್ಲಹೋಮ ಸಿಟಿಯ ಮಾರ್ಕ್ ಡೇಗ್ನಾಲ್ಟ್ ಮೊದಲ ಐದು ವರ್ಷದ ಸಾಲು ನೋಡಿ, 22-50, 24-58, 40-42, 57-25, 68-14, ಕೊನೇದರಲ್ಲಿ ಚಾಂಪಿಯನ್. ಅದೇ ಮನುಷ್ಯ. ಮೊದಲ ಎರಡು ವರ್ಷ ಟೀಮ್ ಸೋಲೋದಕ್ಕೇ ಕಟ್ಟಿದ್ದು, ಡ್ರಾಫ್ಟ್‌ನಲ್ಲಿ ಹೊಸ ಹುಡುಗರನ್ನ ಮೊದಲು ಆರಿಸ್ಕೊಳ್ಳೋ ಅವಕಾಶ ಬೇಕಿತ್ತು, ಅಲ್ಲಿ ಗೆಲುವು ಸೋಲು ನೋಡಿ ಏನೂ ಗೊತ್ತಾಗಲ್ಲ. ಅಂಥ ಕಡೆ ನೋಡಬೇಕಾಗಿರೋದು ಹುಡುಗರು ನವೆಂಬರ್‌ಗಿಂತ ಮಾರ್ಚ್‌ನಲ್ಲಿ ಚೆನ್ನಾಗಿ ಆಡ್ತಿದಾರಾ, 20 ಪಾಯಿಂಟ್ ಹಿಂದೆ ಇದ್ರೂ ಡಿಫೆನ್ಸ್‌ಗೆ ಓಡಿ ಬರ್ತಾರಾ ಅನ್ನೋದನ್ನ.

ಫಲಿತಾಂಶ ಬೇರೆ, ತೀರ್ಮಾನ ಬೇರೆ

2013 ಫೈನಲ್ಸ್ ಆರನೇ ಪಂದ್ಯ ಗೊತ್ತಿಲ್ಲದವರು ಕಡಿಮೆ. ಸ್ಪರ್ಸ್ ಸರಣಿಯಲ್ಲಿ 3-2 ಮುಂದೆ, ಪಂದ್ಯದಲ್ಲಿ 28 ಸೆಕೆಂಡ್ ಇರುವಾಗ 5 ಪಾಯಿಂಟ್ ಮುಂದೆ. ಗ್ರೆಗ್ ಪೊಪೊವಿಚ್ ಡಿಫೆನ್ಸ್‌ಗೆ ಟಿಮ್ ಡಂಕನ್‌ನ ಬೆಂಚ್‌ಗೆ ಕರೆಸಿದ, ಯಾಕಂದ್ರೆ ಮಯಾಮಿಗೆ ಥ್ರೀ (ದೂರದಿಂದ ಹೊಡೆಯೋ ಮೂರು ಪಾಯಿಂಟ್ ಶಾಟ್) ಬೇಕು, ಥ್ರೀ ತಡೀಬೇಕಾದ್ರೆ ಹೊರಗೆ ಬಂದು ಯಾರ ಮೇಲಾದ್ರೂ ಸ್ವಿಚ್ ಆಗಿ ಕಾಯೋ ಚುರುಕು ಕಾಲುಗಳು ಬೇಕು, ಡಂಕನ್‌ಗೆ ಆಗ 37. ಲೆಬ್ರಾನ್ ಮಿಸ್ ಮಾಡಿದ, ರೀಬೌಂಡ್ ಮಯಾಮಿಗೆ, ಮತ್ತೆ ಲೆಬ್ರಾನ್, ಥ್ರೀ. ಆ ಕಡೆ ಸ್ಪರ್ಸ್‌ನ ಕವೈ ಎರಡು ಫ್ರೀ ಥ್ರೋದಲ್ಲಿ ಒಂದು ಹಾಕಿದ, ಈಗ 3 ಪಾಯಿಂಟ್ ಮುಂದೆ, ಡಂಕನ್ ಮತ್ತೆ ಹೊರಗೆ. ಲೆಬ್ರಾನ್ ಮಿಸ್, ಬಾಷ್ ರೀಬೌಂಡ್, ರೇ ಆಲನ್ ಹಿಂದಕ್ಕೆ ಹೆಜ್ಜೆ ಇಟ್ಟು ಮೂಲೆಯಿಂದ ಹೊಡೆದ, 5.2 ಸೆಕೆಂಡ್ ಬಾಕಿ, ಸಮ ಸಮ. ಓವರ್‌ಟೈಮ್‌ನಲ್ಲಿ ಮಯಾಮಿ ಗೆಲ್ತು, ಏಳನೇ ಪಂದ್ಯನೂ ಗೆಲ್ತು.

ಪೊಪೊವಿಚ್ ತಪ್ಪು ಮಾಡಿದ್ನಾ? ಬಹಳ ಜನ ಆಲನ್ ಶಾಟ್ ನೋಡಿ ಹೌದು ಅಂತಾರೆ. ನಾನು ಹೇಳೋದು, ಆಲನ್ ಶಾಟ್‌ನ ಮರೆತುಬಿಡಿ, ಅದು ಬಿತ್ತೋ ಇಲ್ವೋ ಅನ್ನೋದು ಪೊಪೊವಿಚ್ ಕೈಲಿರ್ಲಿಲ್ಲ. 3 ಪಾಯಿಂಟ್ ಮುಂದಿದ್ದಾಗ ಥ್ರೀ ಒಂದನ್ನೇ ತಡೆಯೋಕೆ ಚುರುಕು ಕಾಲಿನವರನ್ನ ಹಾಕೋದು ಲೀಗ್‌ನಲ್ಲಿ ಬಹಳ ಕೋಚ್‌ಗಳು ಮಾಡೋ ಕೆಲಸ, ಮೊದಲ ಶಾಟ್ ಎರಡೂ ಸಲ ಮಿಸ್ ಆಯ್ತು ಅನ್ನೋದನ್ನ ನೋಡಿ, ಅಂದ್ರೆ ಪ್ಲಾನ್ ಕೆಲಸ ಮಾಡ್ತು. ಅದರ ಬೆಲೆ ರೀಬೌಂಡ್. ನಿಜವಾಗಿ ಜಗಳ ಆಡಬೇಕಾದ ಜಾಗ ಬೇರೆ ಇದೆ, 5 ಪಾಯಿಂಟ್ ಮುಂದಿದ್ದಾಗ ಒಂದು ಥ್ರೀ ಬಿದ್ರೂ ಮುಂದೇನೇ ಇರ್ತಿದ್ರು, ಆಗ ಡಂಕನ್‌ನ ತೆಗೆಯೋ ಅವಸರ ಏನಿತ್ತು, ಮತ್ತೆ ಒಂದ್ಸಲ ಅದೇ ರೀಬೌಂಡ್ ಕೈ ತಪ್ಪಿದ್ಮೇಲೆ ಇನ್ನೊಂದ್ಸಲ ಅದನ್ನೇ ಯಾಕೆ ಮಾಡಿದ. ನನಗೆ ಮೊದಲನೇದು ತಪ್ಪು ಅನ್ಸತ್ತೆ, ಎರಡನೇದು ಹೆಂಗಾದ್ರೂ ವಾದಿಸ್ಬೋದು.

ಇದೇ ಕಣ್ಣಲ್ಲಿ 2018ರ ಹ್ಯೂಸ್ಟನ್ ನೋಡಿ. ವೆಸ್ಟರ್ನ್ ಫೈನಲ್ಸ್ ಏಳನೇ ಪಂದ್ಯದಲ್ಲಿ ಸತತ 27 ಥ್ರೀ ಮಿಸ್ ಆದ್ವು. ಕೋಚ್ ಮೈಕ್ ಡಿ'ಆಂಟೋನಿಗೆ ಪ್ಲಾನ್ ಬಿ ಇಲ್ಲ ಅಂತ ಬೈಯೋರು ಬೈದ್ರು. ಆ ಟೀಮ್ 65 ಪಂದ್ಯ ಗೆದ್ದಿದ್ದು ಇದೇ ಶಾಟ್ ಹೊಡೆದು, ಐದನೇ ಪಂದ್ಯದ ಕೊನೆಯಲ್ಲಿ ಕ್ರಿಸ್ ಪಾಲ್ ಗಾಯ ಆಗಿ ಕೂತಿದ್ದ, ಇದರಲ್ಲಿ ಎಷ್ಟನ್ನ ಕೋಚ್ ಖಾತೆಗೆ ಹಾಕ್ತೀರಿ? ಒಂದು ಪಂದ್ಯದ ಶೂಟಿಂಗ್ ಶೇಕಡಾ ಯಾವತ್ತೂ ಕೋಚ್ ವಿರುದ್ಧ ಸಾಕ್ಷಿ ಅಲ್ಲ, ಯಾವ ಥರದ ಶಾಟ್ ಸಿಕ್ತು ಅನ್ನೋದು ಸಾಕ್ಷಿ. ಎದುರಾಳಿ ಫ್ರೀ ಥ್ರೋ ಮಿಸ್ ಮಾಡಿದ್ರೆ ಅದರಲ್ಲಿ ನಿಮ್ಮ ಡಿಫೆನ್ಸ್ ಕೋಚ್‌ದು ಏನೂ ಇಲ್ಲ, ಎದುರಾಳಿಯ ಥ್ರೀ ಶೇಕಡಾದಲ್ಲೂ ಬಹುಪಾಲು ಏನೂ ಇಲ್ಲ. ಅದಕ್ಕೇ ಇಡೀ ಸೀಸನ್ ನೋಡುವಾಗ ಗೆಲುವು-ಸೋಲಿಗಿಂತ ಪಾಯಿಂಟ್ ಅಂತರ, ಅಂದ್ರೆ ನೆಟ್ ರೇಟಿಂಗ್ ನೋಡಿ, ಎರಡು ಮೂರು ಪಾಯಿಂಟ್‌ನಲ್ಲಿ ಮುಗಿಯೋ ಪಂದ್ಯಗಳಲ್ಲಿ ಅದೃಷ್ಟದ ಪಾಲು ಜಾಸ್ತಿ.

ಪಂದ್ಯ ನೋಡುವಾಗ ಕಣ್ಣು ಎಲ್ಲಿರ್ಬೇಕು

ಎರಡನೇ ಮತ್ತೆ ನಾಲ್ಕನೇ ಕ್ವಾರ್ಟರ್ ಶುರುವಿನ ನಾಲ್ಕೈದು ನಿಮಿಷ. ಸ್ಟಾರ್‌ಗಳು ಕೂರೋ ಸಮಯ ಅದು, ಇಬ್ರು ಸ್ಟಾರ್ ಇದ್ದೂ ಇಬ್ರನ್ನೂ ಒಟ್ಟಿಗೇ ಕೂರಿಸಿ ಆ ಹೊತ್ತಲ್ಲಿ ಪ್ರತಿ ಸಲ 8 ಪಾಯಿಂಟ್ ಕಳ್ಕೊಳ್ಳೋ ಕೋಚ್‌ಗೆ ನೆಪ ಇಲ್ಲ. ಟೈಮ್‌ಔಟ್ ಆದ ಕೂಡ್ಲೇ ಬರೋ ಮೊದಲ ಪೊಸೆಶನ್, ಅಂದ್ರೆ ಬಾಲ್ ಕೈಗೆ ಬಂದ ಮೊದಲ ಸರದಿ, ನೋಡಿ, ಆ ಒಂದು ಸಲ ಮಾತ್ರ ಕೋಚ್ ಬೋರ್ಡ್ ಮೇಲೆ ಬರೆದಿದ್ದು ನೇರವಾಗಿ ಕೋರ್ಟ್ ಮೇಲೆ ಬರತ್ತೆ, ಬೋಸ್ಟನ್‌ನಲ್ಲಿದ್ದಾಗ ಬ್ರ್ಯಾಡ್ ಸ್ಟೀವನ್ಸ್ ಹೆಸರು ಮಾಡಿದ್ದೇ ಇದರಲ್ಲಿ. ಚಾಲೆಂಜ್ (ರೆಫರಿ ತೀರ್ಪನ್ನ ವಿಡಿಯೋದಲ್ಲಿ ಮತ್ತೆ ನೋಡಿ ಅಂತ ಕೇಳೋದು) ಬಳಸೋದೂ ನೋಡ್ಬೋದು, ಆದ್ರೆ ಅದು ಅರ್ಧ ಹಿಂದೆ ಕೂತು ವಿಡಿಯೋ ನೋಡೋ ಅಸಿಸ್ಟೆಂಟ್ ಕೆಲಸ, ಜಾಸ್ತಿ ತಲೆ ಕೆಡಿಸ್ಕೋಬೇಡಿ. ಸೈಡ್‌ಲೈನ್‌ನಲ್ಲಿ ಎಷ್ಟು ಕೂಗಾಡ್ತಾನೆ ಅನ್ನೋದನ್ನಂತೂ ಲೆಕ್ಕಕ್ಕೇ ತಗೋಬೇಡಿ, ಕ್ಯಾಮೆರಾಗೆ ಅದು ಇಷ್ಟ ಅಷ್ಟೇ.

ನಿಜವಾದ ಪರೀಕ್ಷೆ ಪ್ಲೇಆಫ್ ಸರಣಿ. ಒಂದೇ ಎದುರಾಳಿ, ಏಳು ಪಂದ್ಯದ ತನಕ, ಮಧ್ಯೆ ಯೋಚನೆ ಮಾಡೋಕೆ ಒಂದೆರಡು ದಿನ. ಸೋತ ಮೇಲೆ ಏನು ಬದಲಾಯಿಸಿದ, ಎಷ್ಟು ಬೇಗ ಬದಲಾಯಿಸಿದ ನೋಡಿ. 2011ರ ಫೈನಲ್ಸ್‌ನಲ್ಲಿ ಡಲ್ಲಾಸ್ 2-1 ಹಿಂದೆ ಇದ್ದಾಗ ಕೋಚ್ ರಿಕ್ ಕಾರ್ಲೈಲ್ ಗಿಡ್ಡ ಆಟಗಾರ ಬರಿಯಾನ ಸ್ಟಾರ್ಟಿಂಗ್ ಫೈವ್‌ಗೆ ಹಾಕಿದ, ಮೂರಕ್ಕೆ ಮೂರೂ ಗೆದ್ದು ಚಾಂಪಿಯನ್. 2015ರ ಫೈನಲ್ಸ್‌ನಲ್ಲಿ ಗೋಲ್ಡನ್ ಸ್ಟೇಟ್ ಕೂಡ 2-1 ಹಿಂದೆ, ಕರ್ ಏಳಡಿ ಬೋಗಟ್‌ನ ಕೂರಿಸಿ ಇಗ್ವಾಡಾಲನ ಶುರುವಿನಿಂದ ಆಡಿಸಿದ, ಮೂರೂ ಗೆಲುವು, ಇಗ್ವಾಡಾಲ ಫೈನಲ್ಸ್ ಎಂವಿಪಿ (ಸರಣಿಯ ಅತ್ಯುತ್ತಮ ಆಟಗಾರ). ಆ ಐಡಿಯಾ ಕರ್‌ದಲ್ಲ, ನಿಕ್ ಯುರೆನ್ ಅಂತ ಅವನ ಸ್ಟಾಫ್‌ನಲ್ಲಿದ್ದ ಹುಡುಗನದು. ಹಾಗಾದ್ರೆ ಕರ್‌ಗೆ ಕ್ರೆಡಿಟ್ ಇಲ್ವಾ? ನಾನಂತೂ ಪೂರ್ತಿ ಕೊಡ್ತೀನಿ, ಕೆಳಗಿನವನು ಹೇಳಿದ್ದನ್ನ ಫೈನಲ್ಸ್ ಮಧ್ಯೆ ಕೇಳಿಸ್ಕೊಂಡು ಮಾಡೋ ಕೋಚ್ ಎಷ್ಟು ಜನ ಸಿಗ್ತಾರೆ.

ಇದರ ಉಲ್ಟಾ ಬೇಕಾದ್ರೆ 2023ರ ಮಿಲ್ವಾಕೀ. ಮೊದಲ ಸೀಡ್ (ಅಂದ್ರೆ ತಮ್ಮ ಭಾಗದ ಪಟ್ಟಿಯಲ್ಲಿ ಮೊದಲ ಸ್ಥಾನ), 58 ಗೆಲುವು, ಎಂಟನೇ ಸೀಡ್ ಮಯಾಮಿ ಕೈಲಿ 4-1 ಸೋಲು. ಜಿಮ್ಮಿ ಬಟ್ಲರ್ ನಾಲ್ಕನೇ ಪಂದ್ಯದಲ್ಲಿ 56 ಹೊಡೆದ, ಅವನ ಮೇಲೆ ಡಿಫೆನ್ಸ್ ಬದಲಾಯಿಸಲಿಲ್ಲ ಅಂತ ಮಿಲ್ವಾಕೀ ಕೋಚ್ ಬುಡೆನ್‌ಹೋಲ್ಜರ್‌ನ ಬೈದ್ರು, ಐದನೇ ಪಂದ್ಯದ ಕೊನೆಯಲ್ಲಿ ಟೈಮ್‌ಔಟ್ ಇಟ್ಕೊಂಡೂ ಕರೀಲಿಲ್ಲ. ಟೀಮ್‌ನ ಸ್ಟಾರ್ ಯಾನಿಸ್ ಎರಡು ಪಂದ್ಯ ಆಡಿರ್ಲಿಲ್ಲ ಅನ್ನೋದನ್ನ ಕಳೆದ್ರೂ ಇದು ಕೋಚ್ ಖಾತೆಗೇ ಬರತ್ತೆ. ಆದ್ರೆ ಎರಡು ವರ್ಷದ ಹಿಂದೆ ಅದೇ ಮನುಷ್ಯ ಅದೇ ಟೀಮ್‌ಗೆ ಚಾಂಪಿಯನ್‌ಶಿಪ್ ತಂದಿದ್ದ, ಅದನ್ನೂ ಅದೇ ಖಾತೆಗೆ ಬರೀಬೇಕು.

ಹಾಳೆ ಮೇಲೆ ಕಾಣದ ಇನ್ನೊಂದು ಕೆಲಸ ಆಟಗಾರರನ್ನ ಬೆಳೆಸೋದು. ಆ ಮಯಾಮಿ ಟೀಮ್ ಫೈನಲ್ಸ್ ತನಕ ಹೋಯ್ತಲ್ಲ, ಅದರಲ್ಲಿ ಸ್ಟ್ರುಸ್, ವಿನ್ಸೆಂಟ್, ಕೇಲೆಬ್ ಮಾರ್ಟಿನ್, ಡಂಕನ್ ರಾಬಿನ್ಸನ್ ನಾಲ್ಕೂ ಜನ ಡ್ರಾಫ್ಟ್‌ನಲ್ಲಿ ಯಾರೂ ಕರೀದೇ ಬಿಟ್ಟ ಹುಡುಗರು. ಒಬ್ಬ ಆದ್ರೆ ಅದೃಷ್ಟ ಅನ್ಬೋದು, ನಾಲ್ಕು ಜನ ಆದ್ರೆ ಅಲ್ಲೊಂದು ವ್ಯವಸ್ಥೆ ಇದೆ ಅಂತ ಅರ್ಥ.

ವಾದಕ್ಕೆ ಕೂತಾಗ

ಹೆಸರು ಹೇಳೋ ಮುಂಚೆ ಅಳತೆಗೋಲು ಒಪ್ಕೊಳ್ಳಿ, ಆಮೇಲೆ ಅಳತೆಗೋಲು ಬದಲಾಯಿಸೋರನ್ನ ಹಿಡಿಯೋದು ಸುಲಭ. ಯಾರಿಗಿಂತ ಒಳ್ಳೆಯವನು ಅಂತ ಕೇಳಿ, ಸುಮ್ನೆ "ದಂಡ" ಅನ್ನೋದು ವಾದ ಅಲ್ಲ, ಅವನ ಜಾಗಕ್ಕೆ ಆ ವರ್ಷ ನಿಜವಾಗಿ ಸಿಗ್ತಿದ್ದವರು ಯಾರು ಹೇಳ್ಲಿ ನೋಡೋಣ. ಒಂದರಿಂದ ಮೂವತ್ತರ ತನಕ ಸಾಲಾಗಿ ಇಡೋಕೆ ಹೋಗ್ಬೇಡಿ, ನಮಗೆ ಸಿಗೋ ಮಾಹಿತಿಗೆ ಮೂರು ಗುಂಪು ಮಾಡಿದ್ರೆ ಹೆಚ್ಚು. ಮತ್ತೆ ಕೆಲಸದಿಂದ ತೆಗೆದ್ರು ಅನ್ನೋದನ್ನ ಸಾಕ್ಷಿ ಅಂತ ತಗೋಬೇಡಿ, ಡೇವಿಡ್ ಬ್ಲಾಟ್‌ನ ತೆಗೆದಾಗ ಕ್ಲೀವ್‌ಲ್ಯಾಂಡ್ 30-11 ಇತ್ತು, ಮೈಕಲ್ ಮಲೋನ್ ಡೆನ್ವರ್‌ಗೆ 2023ರಲ್ಲಿ ಚಾಂಪಿಯನ್‌ಶಿಪ್ ಕೊಟ್ಟು 2025ರಲ್ಲಿ ಸೀಸನ್‌ಗೆ ಮೂರೇ ಪಂದ್ಯ ಇರುವಾಗ ಹೊರಬಿದ್ದ. ಮ್ಯಾನೇಜರ್ ಜೊತೆ ಜಗಳ, ಮಾಲೀಕರ ಸಿಟ್ಟು, ಸ್ಟಾರ್‌ನ ಮುನಿಸು, ಇವೆಲ್ಲ ಕೋಚಿಂಗ್ ಅಲ್ಲ.

ಎಲ್ಲಾ ಸೇರಿಸಿ ಒಂದು ಹೆಸರು ಹಾಕಿ ನೋಡೋಣ. ಡಾಕ್ ರಿವರ್ಸ್. 2008ರ ರಿಂಗ್ ಇದೆ, ಜೊತೆಗೆ 3-1 ಮುಂದಿದ್ದ ಸರಣಿನ ಮೂರು ಸಲ ಸೋತ ಕುಖ್ಯಾತಿ ಇದೆ. ಮೂರನ್ನೂ ಒಂದೇ ತಕ್ಕಡಿಗೆ ಹಾಕೋರೇ ಜಾಸ್ತಿ. 2003ರಲ್ಲಿ ಅವನ ಒರ್ಲಾಂಡೊ ಎಂಟನೇ ಸೀಡ್, ಎದುರಿಗೆ ಮೊದಲ ಸೀಡ್ ಡೆಟ್ರಾಯ್ಟ್, ಅಲ್ಲಿ 3-1 ಮುಂದೆ ಹೋಗಿದ್ದೇ ಹೆಚ್ಚು, ಅದನ್ನ ಹೊಡೆದು ಹಾಕಿ. 2015ರಲ್ಲಿ ಕ್ಲಿಪ್ಪರ್ಸ್ ಆರನೇ ಪಂದ್ಯದಲ್ಲಿ 19 ಪಾಯಿಂಟ್ ಮುಂದೆ ಇದ್ದು, ಹ್ಯೂಸ್ಟನ್‌ನ ಸ್ಟಾರ್ ಹಾರ್ಡನ್ ಬೆಂಚ್ ಮೇಲೆ ಕೂತಿರುವಾಗ ಅದೇ ಟೀಮ್‌ನ ಜಾಶ್ ಸ್ಮಿತ್, ಬ್ರೂವರ್ ಕೈಲಿ ಸೋತ್ರು, ಸ್ಮಿತ್ ಥ್ರೀ ಹೊಡೀಲಿ ಅಂತ ಬಿಡೋದು ಸರಿಯಾದ ತೀರ್ಮಾನವೇ, ಆದ್ರೆ ಟೀಮ್ ಕಂಗಾಲಾದಾಗ ಹಿಡಿದು ನಿಲ್ಲಿಸೋಕಾಗ್ಲಿಲ್ಲ, ಅರ್ಧ ಅವನಿಗೆ. 2020ರಲ್ಲಿ ಕ್ಲಿಪ್ಪರ್ಸ್ ಡೆನ್ವರ್ ವಿರುದ್ಧ ಕೊನೇ ಮೂರು ಪಂದ್ಯದಲ್ಲೂ ಹತ್ತಕ್ಕಿಂತ ಹೆಚ್ಚು ಮುಂದಿದ್ದು ಮೂರನ್ನೂ ಬಿಟ್ಕೊಟ್ರು, ಡೆನ್ವರ್‌ನ ಯೋಕಿಚ್ ಮುಂದೆ ನಿಲ್ಲೋಕಾಗ್ದೆ ಕ್ಲಿಪ್ಪರ್ಸ್‌ನ ಹ್ಯಾರೆಲ್ ಒದ್ದಾಡೋದು ಎಲ್ಲರಿಗೂ ಕಾಣ್ತಿತ್ತು, ಆದ್ರೂ ಡಾಕ್ ಪಂದ್ಯ ಪಂದ್ಯಕ್ಕೂ ಅವನನ್ನ ಕಳಿಸ್ತಾನೇ ಇದ್ದ. ಅದು ಪೂರ್ತಿ ಡಾಕ್ ಖಾತೆಗೆ.